ಕಪ್ಪು ಕವರು

ಯಶವಂತಪುರದ ಈರುಳ್ಳಿ ಮಂಡಿಯ ಎದುರು
ನಮ್ಮ ಮೆಡಿಕಲ್ಸು. ಅಪ್ಪ ಹಾಕಿದ್ದು.
ಶಟರ್ ಎತ್ತಿದರೆ ಮೊದಲು ಸಿಪ್ಪೆಯ ಘಾಟು,
ಆಮೇಲೆ ಡೆಟಾಲು, ಆಮೇಲೆ ಗಿರಾಕಿ.

ಮೊದಮೊದಲು ನನಗೂ ತಿಳಿಯುತ್ತಿರಲಿಲ್ಲ.
ಒಬ್ಬ ಬರುತ್ತಾನೆ, ತಲೆನೋವಿನ ಮಾತ್ರೆ ಕೇಳುತ್ತಾನೆ,
ಚಿಲ್ಲರೆ ಕೊಟ್ಟರೂ ಹೋಗುವುದಿಲ್ಲ,
ಬಿಸಿನೀರಿನ ಚೀಲದ ರೇಟು ಕೇಳುತ್ತಾನೆ,
ಕೊನೆಗೆ, ನನ್ನ ಹಿಂದಿನ ಕ್ಯಾಲೆಂಡರಿನ ದೇವರನ್ನು ನೋಡುತ್ತ,
"ಅಣ್ಣ ಇಲ್ವಾ ಅಂಗಡೀಲಿ?"

ಅಣ್ಣ ಇಲ್ಲ. ಎಂದೂ ಇರಲಿಲ್ಲ.
ಡಿ ಫಾರ್ಮ ಓದಿದವಳು ನಾನೇ.
"ಯಾವುದು ಬೇಕು ಹೇಳಿ, ಮೂರರದ್ದಾ, ಹತ್ತರದ್ದಾ?"
ಕಿವಿ ಕೆಂಪಾಗುವ ಗಂಡಸರನ್ನು
ನನ್ನಷ್ಟು ಕಂಡವರು ಈ ರಸ್ತೆಯಲ್ಲಿ ಯಾರೂ ಇಲ್ಲ.

ಅಪ್ಪ ಕಲಿಸಿದ ಪಾಠ: ಪೇಪರಲ್ಲಿ ಸುತ್ತು,
ಪೇಪರನ್ನು ಕಪ್ಪು ಕವರಿಗೆ ಹಾಕು, ಕವರಿಗೆ ಗಂಟು.
ಪ್ಲಾಸ್ಟಿಕ್ ಬ್ಯಾನ್ ಆದಮೇಲೂ ಇದಕ್ಕೊಂದಕ್ಕೆ ಉಳಿದಿದೆ.
ಇಲಿ ಪಾಷಾಣಕ್ಕೂ ಇಷ್ಟು ಮಡಿ ಇಲ್ಲ;
ಪಕ್ಕದಂಗಡಿಯಲ್ಲಿ ಅದನ್ನು ಕೈಯಲ್ಲೇ ಹಿಡಿದು ಹೋಗುತ್ತಾರೆ.

ಆಟೋ ಮುನಿರಾಜು ಡ್ಯಾಶ್‌ಬೋರ್ಡಿನಲ್ಲಿಟ್ಟಿದ್ದ,
ಶಿವರಾತ್ರಿಯಿಂದ ಏಪ್ರಿಲ್ ಕಳೆಯುವ ತನಕ.
"ಅದು ಹಪ್ಪಳ ಅಲ್ಲ ಕಣಯ್ಯ, ಒಣಗಿಸೋಕೆ."
ಲಾರಿ ಕ್ಲೀನರ್ ಸೆಲ್ವ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದನಂತೆ.
"ಎಣ್ಣೆ ತಲೆಗೆ. ರಬ್ಬರಿಗೆ ತಾಗಿದರೆ ಹರಿಯುತ್ತೆ."
ಎರಡು ಒಟ್ಟಿಗೆ ತೊಟ್ಟರೆ ಡಬಲ್ ಭದ್ರ ಅಂದುಕೊಂಡವನೂ ಇದ್ದ.
ತಿದ್ದಿ ಹೇಳಿದೆ. ಅವನು ಹೋದಮೇಲೆ ನಕ್ಕೆ.

ನಗಲಾರದ ದಿನಗಳೂ ಇವೆ.
ಮೂಟೆ ಹೊರುವ ಗಂಗಹನುಮ ಮಧ್ಯಾಹ್ನ ಬಂದು
ತೂಕದ ಮೆಷಿನ್ನಿನ ಮೇಲೆ ಸುಮ್ಮನೆ ನಿಂತ.
"ಹುಣ್ಣಾಗಿತ್ತು. ನೋವಿರ್ಲಿಲ್ಲ. ತಾನೇ ಮಾಯ್ತು.
ಹಂಗಾದ್ರೆ ವಾಸಿ ತಾನೆ?"
ಬಾಡಿಗೆಯವನು ಬಾಗಿಲು ಹಾಕಿಕೊಂಡ ಅಂದರೆ
ಮನೆ ಖಾಲಿ ಮಾಡಿದ ಅಂತಲ್ಲ, ಅಂದೆ.
ಮಾತ್ರೆ ಕೇಳಿದ. ಕೊಡಲಿಲ್ಲ.
ಬಿಲ್ಲಿನ ಹಿಂದೆ ಬರೆದುಕೊಟ್ಟೆ:
ಸರ್ಕಾರಿ ಆಸ್ಪತ್ರೆ. ರಕ್ತ ಪರೀಕ್ಷೆ. ದುಡ್ಡಿಲ್ಲ.
ಹೆಂಡತಿಯನ್ನೂ ಕರೆದುಕೊಂಡು ಹೋಗು.
ಆ ಕೊನೆಯ ಸಾಲನ್ನು ಹೆಬ್ಬೆರಳಿಂದ ಮುಚ್ಚಿ ಹಿಡಿದು
ರಸ್ತೆ ದಾಟಿದ.

ಆಮೇಲೆ, ಗೌರಿ ಹಬ್ಬದ ಹಿಂದಿನ ಸಂಜೆ,
ಗಾರ್ಮೆಂಟ್ಸಿನ ವ್ಯಾನಿಳಿದು ಒಬ್ಬಳು ನೇರ ಕೌಂಟರಿಗೆ:
"ಕಾಂಡೋಮ್ ಕೊಡಿ. ಡೇಟ್ ನೋಡಿ ಕೊಡಿ."
ಹಿಂದೆ ನಿಂತಿದ್ದ ಇಬ್ಬರು ತಮ್ಮ ಚಪ್ಪಲಿ ನೋಡಿಕೊಂಡರು.
ನನ್ನ ಕೈ ತಾನಾಗಿ ಪೇಪರಿಗೆ ಹೋಯಿತು.
"ಸುತ್ತಬೇಡಿ. ನಮ್ಮೆಜಮಾನರಿಗೆ ಗಂಟು ಬಿಚ್ಚೋಷ್ಟು ತಾಳ್ಮೆ ಇಲ್ಲ."
ಟಿಫಿನ್ ಬ್ಯಾಗಿನಲ್ಲಿ, ಮೊಳ ಮಲ್ಲಿಗೆಯ ಪಕ್ಕ ಇಟ್ಟುಕೊಂಡು
ಹೋಗೇಬಿಟ್ಟಳು. ಹೆಸರು ಕೇಳಬೇಕಿತ್ತು.

ಹನ್ನೊಂದು ವರ್ಷ ಮಾರಿದ್ದೇನೆ.
ಎಲ್ಲರಿಗೂ ಹೇಳುವುದನ್ನು ಒಬ್ಬನಿಗೆ ಹೇಳಲು
ನನಗೇ ಎರಡು ಶನಿವಾರ ಬೇಕಾಯಿತು.
ಮೂರನೆಯದಕ್ಕೆ ಶಟರ್ ಎಳೆದು, ಗಲ್ಲಾಕ್ಕೆ ದುಡ್ಡು ಹಾಕಿ,
ಒಂದು ಪ್ಯಾಕು ತೆಗೆದುಕೊಂಡೆ.
ಕಪ್ಪು ಕವರಲ್ಲೇ.
ಗಂಟು ಹಾಕಿರಲಿಲ್ಲ, ಅಷ್ಟೆ.