ಕಡದ ರಟ್ಟು

ಕೂರಮ್ಮ. ಆ ಸ್ಟೂಲಿನ ಒಂದು ಕಾಲು ಗಿಡ್ಡ,
ಗೋಡೆಗೆ ಒರಗಿಕೊಂಡು ಕೂರು.
ಪೋರ್ಟ್ ಸುಡಾನಿನ ಈ ಉಪ್ಪುಗಾಳಿಗೆ
ಇದ್ದಿಲು ಕೂಡ ಬೇಗ ಹೊತ್ತಿಕೊಳ್ಳುವುದಿಲ್ಲ.
ಶುಂಠಿ ಹಾಕಲೇ, ಲವಂಗ ಸಾಕೇ?
ದುಡ್ಡು ಆಮೇಲೆ.

ಹೌದು, ಮಸ್ತೂರಾ ಅಂದರೆ ನಾನೇ.
ಖಾರ್ಟೂಮಿನಲ್ಲಿ, ಸೇನೆಯ ದೊಡ್ಡ ಕಚೇರಿಯೆದುರು
ರೈಲುಸೇತುವೆಯ ಕೆಳಗೆ ಚಹಾ ಕಾಸಿದವಳು.
ಮೇಲೆ ಹುಡುಗರು ಕಲ್ಲಿನಿಂದ ಕಬ್ಬಿಣ ಬಡಿಯುತ್ತಿದ್ದರು
ಹಗಲೂ ರಾತ್ರಿ, ಕಿವಿ ಗುಂಯ್‌ಗುಡುವಂತೆ;
ನನ್ನ ಕೆಟಲಿನ ಮುಚ್ಚಳವೂ ತಾಳ ಹಾಕುತ್ತಿತ್ತು.
ಅದಕ್ಕೆ ಮುಂಚೆ ಪೊಲೀಸರು ಲಾರಿ ತಂದು
ಸ್ಟೂಲು, ಲೋಟ, ಒಲೆ, ಎಲ್ಲ ಹೇರಿಕೊಂಡು ಹೋಗುತ್ತಿದ್ದರು.
ಅಲ್ಲಿದ್ದಷ್ಟು ದಿನ ಯಾವ ಲಾರಿಯೂ ಬರಲಿಲ್ಲ.
"ಖಾಲಾ, ಇನ್ನು ಬರುವುದೂ ಇಲ್ಲ" ಅಂದರು.
ನಂಬಿದೆ. ಚಹಾ ಮಾರುವವಳು
ಬಿಸಿಯಿರುವಾಗಲೇ ನಂಬಿಬಿಡಬೇಕು.

ಅವರ ಜೇಬಲ್ಲಿ ಕಾಸೆಲ್ಲಿ? ಕಡ ಕೊಟ್ಟೆ.
ನನಗೆ ಅಕ್ಷರ ಬಾರದು. ಬಿಸ್ಕತ್ತಿನ ಪೆಟ್ಟಿಗೆ ಹರಿದು
ಇದ್ದಿಲಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗುರುತು ಹಾಕಿದೆ.
ಊರುಗೋಲು, ಹಲ್ಲಿನ ಡಾಕ್ಟರಿಕೆ ಓದುತ್ತಿದ್ದ ಕುಂಟನಿಗೆ.
ಎರಡು ಜಡೆ, ತಡೆಗೋಡೆಯ ಬಳಿ ಎಲ್ಲರ ಚೀಲ ತಡಕಿ
ಎಲ್ಲರ ಮಾಫಿಯನ್ನೂ ಕೇಳುತ್ತಿದ್ದವಳಿಗೆ.
ಅತ್ಬರಾದಿಂದ ರೈಲಿನ ನೆತ್ತಿಯ ಮೇಲೆ ಬಂದವನಿಗೆ ಮೀನು.
ಯಾಕೆ ಮೀನೋ, ಮರೆತೆ.
ಗುರುತಿನ ಮುಂದೆ ಗೆರೆ, ಲೋಟಕ್ಕೊಂದು.

ನಿನ್ನ ಮಗ ಕನ್ನಡಕ.
ಇಗೋ, ಇಲ್ಲಿ. ಒಂದು ಗಾಜು ಸೀಳಿತ್ತಲ್ಲ, ಅದನ್ನೂ ಬರೆದಿದ್ದೇನೆ.
ಹನ್ನೊಂದು ಗೆರೆ.
ಮೂರು ಚಮಚ ಸಕ್ಕರೆ ಹಾಕಿದರೂ
"ಖಾಲಾ, ಕಹಿ" ಅನ್ನುತ್ತಿದ್ದ.

ಆ ರಂಜಾನಿನ ಕೊನೆಯ ನಸುಕು, ಮಳೆ...
ಬೇಡ ಬಿಡು.
ನೀನು ಬಲ್ಲೆ, ನಾನು ಬಲ್ಲೆ, ನೈಲ್ ಬಲ್ಲದು.
ನನ್ನ ಕೆಂಡದ ಮೇಲೆ ಬೂಟು ಬಿದ್ದಾಗ
ಎತ್ತಿಕೊಂಡು ಓಡಿದ್ದು ಕೆಟಲನ್ನಲ್ಲ, ಈ ರಟ್ಟನ್ನು.

ಆಮೇಲೊಬ್ಬ ಬಂದ. ಇಸ್ತ್ರಿ ಮಾಡಿದ ಅಂಗಿ, ಮೆಲುದನಿ.
"ನಿನ್ನ ಹತ್ತಿರ ಪಟ್ಟಿ ಇದೆಯಂತೆ."
ಕೊಟ್ಟೆ. ಹಾಗೆ ಹಿಡಿದ, ಹೀಗೆ ಹಿಡಿದ,
ಮೀನು, ಊರುಗೋಲು, ಜಡೆ.
ಅಷ್ಟು ಓದಿದವನಿಗೂ ಓದಲಾಗಲಿಲ್ಲ.
ರಟ್ಟು ಅವನ ಕೈಯಲ್ಲೇ ಇತ್ತು, ಗುಟ್ಟು ರಟ್ಟಾಗಲಿಲ್ಲ.
ಎರಡು ಲೋಟ ಕುಡಿದು ಕಾಸು ಕೊಡದೆ ಎದ್ದ.
ಅವನಿಗೆ ಗುರುತು ಹಾಕಲಿಲ್ಲ.

ಈಗ ನೀನು ಬಂದಿದ್ದೀಯ, ತೋಬಿನ ತುದಿಯ ಗಂಟು ಬಿಚ್ಚುತ್ತ.
ಸಾಲ ಉಳಿಸಿ ಹೋದವನ ಜೀವ
ಅತ್ತಲೂ ಸೇರದೆ ಇತ್ತಲೂ ಇರದೆ ತೂಗುತ್ತದೆ
ಅಂದರಂತೆ ಇಮಾಮರು.
ತೀರಿಸಬೇಕು, ಇಲ್ಲವೇ ಬಿಟ್ಟೆನೆಂದು ನಾನು ಹೇಳಬೇಕು.
ಸರಿಯೇ. ನಾನೂ ನಮಾಜು ಮಾಡುವವಳೇ.
ಆದರೆ ಅಮ್ಮ,
ಯಾವ ಶವಾಗಾರದಲ್ಲಿ ಕಂಡೆ ಅವನನ್ನು?
ಅಂಗಿಯ ಒಂದು ಗುಂಡಿಯನ್ನಾದರೂ ಯಾರು ತಂದುಕೊಟ್ಟರು?
ಇಲ್ಲ ತಾನೇ.
ಈ ಹನ್ನೊಂದರ ಹಣ ಮುಟ್ಟಿದರೆ
ಅಡ್ಡಗೆರೆ ಎಳೆಯಬೇಕಾದವಳು ನಾನು.
ಯಾವ ಸರ್ಕಾರವೂ ಬಾಯಿಬಿಟ್ಟು ಹೇಳದ ಮಾತನ್ನು
ನನ್ನ ಕೈಯಿಂದ ಹೇಳಿಸುತ್ತೀಯಾ,
ಬೆರಳುದ್ದದ ಇದ್ದಿಲ ಚೂರಿನಿಂದ?

ಅಂದು ಒಂದೇ ಸಾಲಿನಲ್ಲಿ ನಿಂತು ನಮ್ಮನ್ನು ಹೊಡೆದವರು
ಇಂದು ಒಬ್ಬರನ್ನೊಬ್ಬರು ಹೊಡೆಯುತ್ತಿದ್ದಾರೆ.
ಆ ಸೇತುವೆ ನಿಂತಿದೆಯೋ ಇಲ್ಲವೋ.
ಸಕ್ಕರೆಯಂತೂ ಮುಟ್ಟುವ ಹಾಗಿಲ್ಲ.
ಊರಿನ ಲೆಕ್ಕವೆಲ್ಲ ಹೀಗೆ ಕೆಟ್ಟಿರುವಾಗ
ಇದೊಂದು ಬಾಕಿ ಇರಲಿ ಬಿಡು.
ಬಾಕಿ ಇರುವವನು
ಎಂದಾದರೂ ಬರಬೇಕಾದವನು.

ಕುಡಿ, ಆರುತ್ತಿದೆ.

ಏನಂದೆ?
ಈ ಲೋಟವನ್ನೂ ಬರೆದುಕೋ ಅಂದೆಯಾ,
ನಿನ್ನ ಲೆಕ್ಕಕ್ಕೇ?
ತಡಿ, ಇದ್ದಿಲು ಎಲ್ಲಿಟ್ಟೆ...
ಗುರುತಿಗೆ ಏನು ಬರೆಯಲಿ ನಿನಗೆ?
ಸ್ವಲ್ಪ ಇತ್ತ ತಿರುಗು,
ಬೆಳಕಿಗೆ.