ಗುಲಗಂಜಿ ತೂಕ

ಇಪ್ಪತ್ತಾರು ಕಿಲೋ.
ಬಸ್‌ಸ್ಟ್ಯಾಂಡಿನ ಪಾರ್ಸೆಲ್ ಕೌಂಟರಿನಿಂದ ಆಟೋದಲ್ಲಿ ತಂದು
ದುರ್ಗಿಗುಡಿಯ ಚಪ್ಪಲಿ ಅಂಗಡಿಯ ಮೇಲಿನ ನನ್ನ ಕೋಣೆಗೆ
ಹತ್ತೊಂಬತ್ತು ಮೆಟ್ಟಿಲು ಹೊತ್ತವನು ಸುಹೇಲ್.
"ಏನಕ್ಕ ಇದು, ಒಳಗೆ ಒರಳುಕಲ್ಲು ಇಟ್ಟಿದಾರಾ?"

ಒರಳಲ್ಲ. ಎರಡು ಪ್ರೊಸೆಸರು, ಎಂಟು ಪಟ್ಟಿ ಮೆಮೊರಿ,
ಇಟ್ಟಿಗೆ ಗಾತ್ರದ ಗ್ರಾಫಿಕ್ಸ್ ಕಾರ್ಡು.
ಪೀಣ್ಯದ ಯಾವುದೋ ಕಂಪನಿಯಲ್ಲಿ ಏಳು ವರ್ಷ
ಪಂಪಿನ ರೆಕ್ಕೆಗಳ ನಕ್ಷೆ ಬರೆದೂ ಬರೆದೂ
ಒಂದು ಮಾರ್ಚಿ ತಿಂಗಳು ಅದರ ಬೆಲೆ ಸೊನ್ನೆಯಾಯಿತು.
ಸೊನ್ನೆಯಾದದ್ದು ಲೆಕ್ಕದ ಪುಸ್ತಕದಲ್ಲಿ.
ಅದಕ್ಕೆ ಯಾರೂ ಹೇಳಿರಲಿಲ್ಲ.
ಸ್ವಿಚ್ಚು ಒತ್ತಿದರೆ ಈಗಲೂ ಎದ್ದು ನಿಲ್ಲುತ್ತದೆ,
ನಿವೃತ್ತಿಯಾದರೂ ಒಂಬತ್ತೂವರೆಗೆ ಇಸ್ತ್ರಿ ಅಂಗಿ ತೊಟ್ಟು
ಜಗುಲಿಗೆ ಬರುವ ಹೆಡ್‌ಮಾಸ್ತರರ ಹಾಗೆ.

ಹೊಸದರಲ್ಲಿ ನಾಲ್ಕೂಮುಕ್ಕಾಲು ಲಕ್ಷವಂತೆ.
ಆ ದುಡ್ಡಿಗೆ ವಿನೋಬನಗರದಲ್ಲಿ ಮನೆಯೊಂದು ಲೀಸಿಗೆ ಸಿಗುತ್ತಿತ್ತು.

ಬಾಗಿಲು ಬಿಚ್ಚಿ ಧೂಳು ಊದಿದೆ.
ಒಣಗಿದ ಟೂತ್‌ಪೇಸ್ಟಿನ ಹಾಗಿದ್ದ ಹಳೇ ಪೇಸ್ಟು ಒರೆಸಿ
ಹೊಸದು ಇಟ್ಟೆ, ಮೂಗುಬೊಟ್ಟಿನಷ್ಟೇ.
ಎಂಟರಲ್ಲಿ ಒಂದು ಪಟ್ಟಿ ಸತ್ತಿತ್ತು.
ರಬ್ಬರಿನಿಂದ ಉಜ್ಜಿದೆ, ಬೈದೆ, ಮೇಜಿನ ಮೂಲೆಗೆ ಎಸೆದೆ.

ಗಿರಾಕಿ ದತ್ತಾತ್ರೇಯ ಶೇಟರು.
ಗಾಂಧಿಬಜಾರಿನ ಗಲ್ಲಿಯಲ್ಲಿ ಕಾಲು ನೀಡಲಾಗದಷ್ಟು ಅಂಗಡಿ,
ನಲವತ್ತು ವರ್ಷದ ಊದುಕೊಳವೆ.
ನೆಹರು ರೋಡಿನ ಗಾಜಿನ ಶೋರೂಮಿನಲ್ಲಿ
ಮಾಡದ ಉಂಗುರವನ್ನೂ ಪರದೆಯ ಮೇಲೆ ತಿರುಗಿಸಿ ತೋರಿಸುತ್ತಾರೆ.
"ನನ್ನ ಹತ್ತಿರ ಬಂದವರೂ ಈಗ ತಿರುಗಿಸಿ ಅಂತಾರೆ.
ನನಗೆ ತಿರುಗಿಸೋಕೆ ಬರೋದು ತಿರುಪು ಒಂದೇ."
ಸೊಸೆ ವಿದ್ಯಾ ಕಲಿತಿದ್ದಾಳೆ. ಆದರೆ ಅವಳ ಲ್ಯಾಪ್‌ಟಾಪಿಗೆ
ಒಂದು ಜುಮಕಿಗೆ ಒಂದು ರಾತ್ರಿ ಬೇಕು,
ನೂರಾಹನ್ನೆರಡನೇ ಮುತ್ತಿಗೆ ಬಂದು ನಿಂತುಬಿಡುತ್ತದೆ,
ಮಂಡಿನೋವಿನವರು ಮೆಟ್ಟಿಲಲ್ಲಿ ನಿಂತ ಹಾಗೆ.

ನಮ್ಮಿಬ್ಬರ ಮನೆಮಾತೂ ಕೊಂಕಣಿಯೇ.
ಚೌಕಾಸಿ ಮಾತ್ರ ಕನ್ನಡದಲ್ಲಿ.
ಚೀಟಿ ಬರೆದು ಮುಂದಿಟ್ಟೆ:
ಹರಾಜಿಗೆ ಇಪ್ಪತ್ತೊಂದು ಸಾವಿರ, ಪಾರ್ಸೆಲ್ಲಿಗೆ ಒಂಬೈನೂರು,
ಹೊಸ ಡಿಸ್ಕಿಗೆ ನಾಲ್ಕು ಸಾವಿರದ ಇನ್ನೂರು,
ಮೆಮೊರಿಗೆ ಸಾವಿರದ ಎಂಟುನೂರು, ಸುಹೇಲನಿಗೆ ಆರುನೂರು,
ನನಗೆ ಮೂರೂವರೆ.
"ಕೆಟ್ಟರೆ?"
"ಕೆಡುತ್ತೆ. ತನ್ನಿ."

ಅವರು ಚೀಟಿ ನೋಡುತ್ತಿರಲಿಲ್ಲ.
ಮೂಲೆಯ ಸತ್ತ ಪಟ್ಟಿಯನ್ನು ಎತ್ತಿಕೊಂಡು
ಜೇಬಿನ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿದ್ದರು.
"ಇದು ಚಿನ್ನ."
ಗೊತ್ತು, ಅಂದೆ. ಗುಜರಿಯವರು ಆಸಿಡ್ಡಿಗೆ ಹಾಕುತ್ತಾರೆ.
"ಎಷ್ಟಕ್ಕೆ? ಗುಲಗಂಜಿಯ ಕಾಲು ತೂಕವೂ ಬರೋದಿಲ್ಲ."
ಸ್ವಲ್ಪ ಹೊತ್ತು ಬಿಟ್ಟು, ತಮಗೇ ಎಂಬಂತೆ:
"ಇಷ್ಟಕ್ಕೆ ಅಷ್ಟು ದೊಡ್ಡ ಪ್ರಾಣಿಯನ್ನ ಕೊಲ್ತಾರಾ?"

ಚೀಲದಿಂದ ಮೃದು ಬ್ರಷ್ಷು ತೆಗೆದರು. ಮೂಗುತಿ ತೊಳೆಯುವಂಥದು.
ಅಂಟುವಾಳದ ನೀರಿಗೆ ಕೈ ಹಾಕಿದರು, ನಾನು ತಡೆದೆ,
ಸ್ಪಿರಿಟ್ಟು ಕೊಟ್ಟೆ.
ಒಂದೊಂದೇ ಹಲ್ಲನ್ನು, ಮಗುವಿನ ಹಲ್ಲೆಂಬಂತೆ, ತಿಕ್ಕಿದರು.
ಕೆಳಗೆ ಯಾರೋ ಏಳನೇ ನಂಬರಿನ ಚಪ್ಪಲಿ ಕೇಳುತ್ತಿದ್ದರು.
ಸುಹೇಲ್ ಬಾಯಿ ಮುಚ್ಚಿಕೊಂಡು ನಗುತ್ತಿದ್ದ. ನಾನೂ.

ಸಿಕ್ಕಿಸಿದೆ. ಒತ್ತಿದೆ.
ಪರದೆ ಎಣಿಸಿತು:
ಎಂಟು.

ನಾನು ಇನ್ನೊಮ್ಮೆ ಆರಿಸಿ ಹಚ್ಚಿದೆ. ಎಂಟೇ.
ಹದಿನಾಲ್ಕು ವರ್ಷದ ನನ್ನ ಕಸುಬು ಒಮ್ಮೆ ಕೆಮ್ಮಿತು.
ಶೇಟರು ಆಗ ಚೀಟಿ ಎತ್ತಿಕೊಂಡು, ಕನ್ನಡಕ ಏರಿಸಿ, ಬೆರಳಿಟ್ಟರು:
"ಹಾಗಾದ್ರೆ ಈ ಸಾವಿರದ ಎಂಟುನೂರು?"

ಹೊಡೆದುಹಾಕಿದೆ. ಮೂವತ್ತು ಸಾವಿರದ ಇನ್ನೂರು.
ಪಕ್ಕೆಗೆ ಅಂಟಿದ್ದ ಕಂಪನಿಯ ಆಸ್ತಿ ಸಂಖ್ಯೆಯ ಚೀಟಿ
ಉಗುರಿನಿಂದ ಕೀಳಹೊರಟರೆ ಕೈ ಹಿಡಿದರು:
"ಇರಲಿ ಬಾಯಿ, ಹಾಲ್‌ಮಾರ್ಕು."

ಅದೇ ಸಂಜೆ ವಿದ್ಯಾ ಫೋನು ಮಾಡಿದ್ದಳು.
ಮಾತಿಲ್ಲ. ಬರೀ ಫ್ಯಾನಿನ ಸದ್ದು ಕೇಳಿಸಿದಳು,
ಆಮೇಲೆ, "ನೂರಾಹದಿಮೂರು" ಅಂದಳು,
"ನೂರಾಹದಿನಾಲ್ಕು..."