ಅರ್ಧ ಆಡಿದ ಆಟ

ಐತವಾರ ನನ್ನ ಅಂಗಡ್ಯಾಗ ಹನ್ನೊಂದು ತಲಿ, ಎರಡ ಕುರ್ಚಿ.
ಬೆಂಚಿನ ಮ್ಯಾಲ ಕುಂತವರು ಬ್ಯಾಸತ್ತು
ಎದುರಿನ ರಿಯಾಜನ ಅಂಗಡಿಗೆ ಎದ್ದು ಹೋಗ್ತಾರ.
ಅಲ್ಲಿ ಏಸಿ ಐತಿ.
ನನ್ನ ಹಂತ್ಯಾಕ ಮೂಲ್ಯಾಗಿನ ಟಿವಿ ಐತಿ ಅಷ್ಟ.
"ಗೇಮ್ ಡಬ್ಬಿ ತಂದಿಡು ಮಾಮಾ" ಅಂದ ಬಂದೇನವಾಜ.
ಅವನ ಗದ್ದದ ಮ್ಯಾಲ ನನ್ನ ಕತ್ತಿ ಇತ್ತು,
ಆದರೂ ಬಾಯಿ ನಿಲ್ಲಲಿಲ್ಲ.

ತರ್ತೀನಿ, ಯಾವುದು ತರಲಿ?
ಅಂದದ್ದ ತಪ್ಪಾತು.

ಬೆಂಚು ಎರಡು ಹೋಳಾತು.
ಈ ಕಡೆ ಪ್ಲೇಸ್ಟೇಷನ್ನಿನವರು, ಆ ಕಡೆ ಎಕ್ಸ್‌ಬಾಕ್ಸಿನವರು,
ನಡುವ ಜೋರಾಪುರ ಪೇಟೆಯ ಧೂಳ ಕುಂತ ಕನ್ನಡಿ.
"ಅದರಾಗ ಚಲೋ ಚಲೋ ಆಟ ಅದಾವ."
"ಇದರಾಗ ತಿಂಗಳಿಗಿಷ್ಟು ಕೊಟ್ರ ಬೇಕಾದಷ್ಟು ಆಡಬಹುದು."
"ತಿಂಗಳಾ ಯಾರು ಕೊಡ್ತಾರಲೇ, ನಿಮ್ಮಪ್ಪ?"
ಎರಡು ವರ್ಷದಿಂದ ಒಂದ ನಮೂನಿ ಕಟಿಂಗ್ ಮಾಡಿಸೂ ಸಂಗನಗೌಡ
ಅರ್ಧ ತಲಿ ಬಿಟ್ಟು ಎದ್ದು ನಿಂತ, ಸಿಟ್ಟಿಲೆ.
ಹೆಗಲ ಹಿಡಿದು ಕೂಡಿಸಿದೆ.
ಡಬ್ಬಿ ಯಾರ ಮನ್ಯಾಗೂ ಇಲ್ಲ.
ಜಗಳ ಮಾತ್ರ ಎಲ್ಲರೂ ಕೊಂಡಿಟ್ಟಾರ.

ನನಗೇನ ತಿಳೀತೈತ್ರಿ ಅದು?
ಕತ್ತರಿ ಕೊಳ್ಳುವಾಗ ನಾ ಕಂಪನಿ ಹೆಸರು ಕೇಳೂದಿಲ್ಲ,
ಗಾಳ್ಯಾಗ ನಾಕು ಸಲ ಕಚಕಚ ಅನಿಸಿ
ಹೆಬ್ಬೆರಳು ಏನಂತೈತಿ ಕೇಳ್ತೀನಿ.
ಹೊಸಾದರ ರೇಟು ಕೇಳಿದೆ, ಮನಸಿನ್ಯಾಗ ಲೆಕ್ಕ ಹಾಕಿದೆ:
ತಲಿಗೆ ಎಂಬತ್ತರಂಗ ಐದುನೂರು ತಲಿ.
ಐದುನೂರು!
ಅಷ್ಟು ಮಂದೀನ ಸಾಲಾಗಿ ನಿಂದರಿಸಿದ್ರ
ಗೋಳಗುಮ್ಮಟದ ಮಟ ಹೋಗ್ತಾರ.

ಗಾಂಧಿ ಚೌಕದ ಹಿಂದ, ಮೊಬೈಲ್ ರಿಪೇರಿ ಮಾಡೂ ಮಲಕಾರಿ ಹಂತ್ಯಾಕ
ಎರಡೂ ಇದ್ದೂ, ಯಾರೋ ಆಡಿ ಮಾರಿದ್ದು.
ಒಂದು ಕರೀದು. ಒಂದು ಬಿಳೀದು.
ಕರೀದು ಚಾಲೂ ಮಾಡಿದ. ಒಳಗ ಏನೇನೂ ಇಲ್ಲ,
ಈಗಷ್ಟ ಸಾರಿಸಿದ ಪಡಸಾಲಿ.
"ಇದು ಜೋರ ಓಡ್ತೈತಿ ಗುರಪ್ಪಣ್ಣ, ಇದನ್ನ ಒಯ್ಯಿ."
ಬಿಳೀದು ತಡಾ ಮಾಡಿ ಎಚ್ಚರಾತು, ಗೊರಕಿ ಹೊಡಕೋತ.
ಆಮ್ಯಾಲ ಪರದೆ ಮ್ಯಾಲ ಒಂದು ಹೆಸರು. ಆಫ್ರೀನ್.
ಹೆಸರಿನ ಕೆಳಗ ಒಂದು ಆಟ, ಎಪ್ಪತ್ತೊಂದು ಪರ್ಸೆಂಟ್.
ಹೊಳಿ ದಂಡ್ಯಾಗ ಕುದುರಿ ನಿಲ್ಲಿಸಿ
ಯಾರೋ ಎದ್ದು ಹೋಗ್ಯಾರ.
"ಅಳಿಸಿ ಕೊಡ್ತೀನಿ, ಎರಡು ನಿಮಿಷದ ಕೆಲಸ."

ಬ್ಯಾಡ ಅಂದೆ.
ಯಾಕ ಅಂದೆನೋ.

ಮೂವತ್ತೆರಡು ವರ್ಷದಾಗ ಒಬ್ಬನ ಒಬ್ಬ
ಅರ್ಧ ದಾಡಿ ಬಿಟ್ಟು ಓಡಿದಾಂವ. ಹೆರಿಗಿ ವಾರ್ಡಿನಿಂದ ಫೋನ್ ಬಂದಿತ್ತು.
ಅಂವ ತಿರುಗಿ ಬರೂತನಕ ಆ ಕುರ್ಚ್ಯಾಗ
ಯಾರನ್ನೂ ಕೂಡಿಸಲಿಲ್ಲ ನಾನು.
ದೀಪ ಹಚ್ಚೂ ಹೊತ್ತಿಗೆ ಬಂದ, ಕೈಯಾಗ ಪೇಡೆ,
ಒಂದು ಗಲ್ಲದ ಮ್ಯಾಲ ಒಣಗಿದ ಸೋಪು.

ಬಿಳೀದನ್ನ ಟವೆಲ್ಲಿನ್ಯಾಗ ಸುತ್ತಿ ತಂದೆ.
ಯಾರ ಪಕ್ಷ ಗೆದ್ದಿತೋ ಅವರನ್ನ ಕೇಳ್ರಿ.
ಸೋತವರು ಒಂದು ವಾರ ಏಸಿ ಗಾಳಿ ಕುಡಿದು
ಎಂಟನೇ ದಿನ ಬಂದರು, ಮೀಸಿ ತಿದ್ದಿಸೂ ನೆವಾ ಮಾಡಿ.
ಕೈಗೆ ರಿಮೋಟು ಬಂದಮ್ಯಾಲ
ಹೆಬ್ಬೆರಳಿಗೆ ಪಕ್ಷ ನೆನಪಿರೂದಿಲ್ಲ.

ಕನ್ನಡಿ ಮೂಲ್ಯಾಗ ಸೋಪಿಲೆ ಬರದೀನಿ:
ನಿಮ್ಮ ನಿಮ್ಮ ಹೆಸರಿಲೆ ಆಡ್ರಿ, ಆಫ್ರೀನನ ಆಟ ಮುಟ್ಟಬ್ಯಾಡ್ರಿ.
"ಯಾರ ಮಾಮಾ ಅಕಿ?"
"ಗಿರಾಕಿ" ಅಂತೀನಿ.

ಮಧ್ಯಾಹ್ನ ಬಿಸಲಿಗೆ ಪ್ಯಾಟಿ ಖಾಲಿ ಆದಾಗ
ನಾನ ಒಮ್ಮೆ ಅದನ್ನ ತಗದು ನೋಡ್ತೀನಿ.
ಕುದುರಿ ಬಾಲ ಅಲ್ಲಾಡಿಸ್ತೈತಿ. ಹೊಳಿ ಹರೀತೈತಿ.
ನಾ ಏನೂ ಒತ್ತೂದಿಲ್ಲ.
ಬಾಗಲಕ್ಕ ಯಾರರ ನೆಳ್ಳ ಬಿದ್ರ
ಬಂದ್ ಮಾಡಿ, ಟವೆಲ್ ಝಾಡಿಸಿ,
"ಬರ್ರಿ, ಕೂಡ್ರಿ."